ಬೈಬಲ್ ಓದಿದ್ದು ಮನಸ್ಸಲ್ಲಿ ನಿಲ್ತಾ ಇಲ್ಲ, ಜರ್ನಲ್ ಬರೆಯೋರು ಹೇಗೆ ಬರೀತೀರಾ?

ಕೋಲಾರದ_ಹುಡ್ಗಿ

ಎಲ್ಲರಿಗೂ ವಂದನೆಗಳು. ಪ್ರಶ್ನೆ ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ಮದು ಮೆಥೋಡಿಸ್ಟ್ ಕುಟುಂಬ, ಮನೇಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಅಂತ ಇದ್ದೇ ಇರ್ತಿತ್ತು, ಅಪ್ಪ ಅಧ್ಯಾಯ ಹೇಳೋರು, ನಾವೆಲ್ಲ ಸರದಿ ಮೇಲೆ ಒಂದೊಂದು ವಚನ ಓದೋದು, ಒಂದು ಹಾಡು, ಪ್ರಾರ್ಥನೆ, ಆಮೇಲೆ ತಟ್ಟೆ. ಹಾಗಾಗಿ ಬೈಬಲ್ ನನಗೆ ಹೊಸದಲ್ಲ. ಸಂಡೇ ಸ್ಕೂಲಲ್ಲಿ ವಚನ ಕಂಠಪಾಠಕ್ಕೆ ಪ್ರೈಜ್ ಎಲ್ಲ ತಗೊಂಡಿದೀನಿ. ಈಗ ಬೆಂಗಳೂರಲ್ಲಿ ಕೆಲಸ, ಪಿಜಿ, ಆಫೀಸ್ ಕ್ಯಾಬಲ್ಲೇ ದಿನಕ್ಕೆ ಎರಡು ಎರಡೂವರೆ ಗಂಟೆ ಹೋಗುತ್ತೆ. ಫೋನಲ್ಲಿ ಬೈಬಲ್ ಆಪ್ ಇದೆ, ಒಂದು ವರ್ಷದ ಪ್ಲಾನ್ ಹಾಕ್ಕೊಂಡಿದೀನಿ, ಓದ್ತೀನಿ, ಟಿಕ್ ಮಾಡ್ತೀನಿ, ಸ್ಟ್ರೀಕ್ (ಒಂದು ದಿನಾನೂ ತಪ್ಪದೇ ಓದಿದ ದಿನಗಳ ಲೆಕ್ಕ) ಕೂಡ ಚೆನ್ನಾಗೇ ಇದೆ. ಆದ್ರೆ ಸತ್ಯ ಹೇಳ್ಬೇಕು ಅಂದ್ರೆ ಎಷ್ಟೋ ದಿನ ರಾತ್ರಿ ಹನ್ನೆರಡು ಆಗೋಕೆ ಐದು ನಿಮಿಷ ಇದ್ದಾಗ ಆಪ್ ತೆಗೆದು ಬೆರಳಲ್ಲಿ ಸರ್ರಂತ ಎಳೆದು ಮುಗಿಸಿ ಮಲಗ್ತೀನಿ, ಬೆಳಿಗ್ಗೆ ಯಾರಾದ್ರೂ ನಿನ್ನೆ ಏನ್ ಓದಿದೆ ಅಂತ ಕೇಳಿದ್ರೆ ಪುಸ್ತಕದ ಹೆಸರು ಮಾತ್ರ ಹೇಳ್ಬಹುದು.

ಅದಕ್ಕೇ ಬರೆಯೋ ಅಭ್ಯಾಸ ಮಾಡ್ಕೊಳ್ಳೋಣ ಅಂತ ಒಂದು ಚೆಂದದ ನೋಟ್‌ಬುಕ್ ತಂದೆ. ಬರೆಯೋಕೆ ಕೂತ್ರೆ ಬರೋದೆಲ್ಲ ಒಂದೇ ಥರ: "ದೇವರೇ ನೀನು ಒಳ್ಳೆಯವನು, ನನಗೆ ನಂಬಿಕೆ ಹೆಚ್ಚಿಸು, ನಾನು ಇನ್ನೂ ಪ್ರೀತಿಯಿಂದ ಇರಬೇಕು." ಯಾವ ಭಾಗ ಓದಿದ್ರೂ ಇದೇ ಮೂರು ಸಾಲು! ಪಾಸ್ಟರ್ ನೋಡಿ ಮಾರ್ಕ್ಸ್ ಕೊಡ್ತಾರೆ ಅನ್ನೋ ಥರ ಬರೀತಾ ಇದೀನಿ ಅನ್ಸುತ್ತೆ. ಇದು ನನ್ನ ಮಾತೇ ಅಲ್ಲ.

ಹಾಗಾಗಿ ನಿಜವಾಗ್ಲೂ ದಿನಾ ಓದಿ ಬರೆಯೋರು ಹೇಳಿ. ಎಷ್ಟು ಓದ್ತೀರಾ? ಏನ್ ಬರೀತೀರಾ? ಯಾವ ಹೊತ್ತು? ಕನ್ನಡದಲ್ಲಾ ಇಂಗ್ಲಿಷಲ್ಲಾ? "ಪ್ರಾರ್ಥನೆ ಮಾಡಿ ಸಿಸ್ಟರ್" ಅಂತ ಮಾತ್ರ ಹೇಳ್ಬೇಡಿ ಪ್ಲೀಸ್, ಅದು ಮಾಡ್ತಾನೇ ಇದೀನಿ 🙂

---

ಮೈಸೂರ್_ಇಯು

ಸಿಸ್ಟರ್, ನಾನು ಪ್ಲಾನ್ ಪಾರ್ಟಿ, ಮೊದಲೇ ಹೇಳಿಬಿಡ್ತೀನಿ. ಕಾಲೇಜಲ್ಲಿ ಇಯು (ಇವ್ಯಾಂಜೆಲಿಕಲ್ ಯೂನಿಯನ್) ಅನ್ನೋ ಕ್ರೈಸ್ತ ವಿದ್ಯಾರ್ಥಿಗಳ ಗುಂಪಲ್ಲಿ ಬೆಳೆದವನು, ಬೆಳಿಗ್ಗೆ ಕ್ವಯಟ್ ಟೈಮ್, ಅಂದ್ರೆ ಒಬ್ಬರೇ ಕೂತು ಬೈಬಲ್ ಓದಿ ಪ್ರಾರ್ಥನೆ, ಮಾಡ್ದೇ ಇದ್ರೆ ಸೀನಿಯರ್ ಅಣ್ಣಂದಿರು ಟೀ ಕುಡಿಯೋವಾಗ ಮುಖ ನೋಡೇ ಕಂಡುಹಿಡೀತಿದ್ರು. ಆದ್ರಿಂದ ಪ್ಲಾನ್ ಬಿಡಿ ಅಂತ ನಾನು ಹೇಳಲ್ಲ. ಬೈಬಲಲ್ಲಿ 66 ಪುಸ್ತಕ, 1189 ಅಧ್ಯಾಯ ಇದೆ, ದಿನಕ್ಕೆ 3, ಭಾನುವಾರ 5 ಓದಿದ್ರೆ ವರ್ಷಕ್ಕೆ ಮುಗಿಯುತ್ತೆ, ಇದು ಹಳೇ ಲೆಕ್ಕ. ಪೂರ್ತಿ ಓದದೇ ಇಷ್ಟವಾದ ಕೀರ್ತನೆ ನಾಲ್ಕು, ಜ್ಞಾನೋಕ್ತಿ ಸ್ವಲ್ಪ, ಯೋಹಾನ 3 ಅಂತ ಅದರಲ್ಲೇ ಸುತ್ತುತಾ ಇದ್ರೆ ಬೈಬಲ್ ನಮಗೆ ಬೇಕಾದ್ದನ್ನ ಮಾತ್ರ ಹೇಳೋ ಪುಸ್ತಕ ಆಗಿಬಿಡುತ್ತೆ. ವಾಟ್ಸಾಪಲ್ಲಿ ಬರೋ ಸೂರ್ಯೋದಯದ ಫೋಟೋ ಮೇಲಿನ ವಚನಗಳು ನೋಡಿ, ಎಲ್ಲ ಆಶೀರ್ವಾದವೇ, ಪ್ರವಾದಿಗಳು ಬೈದಿದ್ದು ಒಂದೂ ಫಾರ್ವರ್ಡ್ ಆಗಲ್ಲ.

ಆದ್ರೆ ನೀವು ಹೇಳೋ ತೊಂದರೆ ಹೊಸದಲ್ಲ. ಇವತ್ತಿಗೂ ಜನ ಬಳಸೋ ಒಂದು ವರ್ಷದ ಪ್ಲಾನ್ ಇದ್ಯಲ್ಲ, ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ ಅನ್ನೋ ಪಾಸ್ಟರ್ 1842ರಲ್ಲಿ ತಮ್ಮ ಸಭೆಗೆ ಅಂತ ಮಾಡಿದ್ದು, ಹಳೇ ಒಡಂಬಡಿಕೆ ವರ್ಷಕ್ಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತೆ ಕೀರ್ತನೆ ಎರಡು ಸಲ. ದಿನಕ್ಕೆ ನಾಲ್ಕು ಭಾಗ, ಎರಡು ಮನೆಯವರ ಜೊತೆ, ಎರಡು ಒಬ್ಬರೇ. ಆ ಮನುಷ್ಯ ಪ್ಲಾನ್ ಕೊಡೋವಾಗಲೇ ಅದರ ಅಪಾಯಗಳನ್ನೂ ಬರೆದುಕೊಟ್ಟಿದ್ರು, ಓದೋದು ಬರೀ ಶಾಸ್ತ್ರಕ್ಕೆ ಆಗಬಹುದು, ಓದಿ ಮುಗಿಸಿದೆ ಅಂತ ಒಳಗೊಳಗೇ ಹೆಮ್ಮೆ ಬರಬಹುದು, ಅಜಾಗ್ರತೆಯಿಂದ ಓದಬಹುದು, ಕೆಲವರಿಗೆ ಹೊರಲಾರದ ಭಾರ ಆಗಬಹುದು ಅಂತ. ಆಗ ಸ್ಟ್ರೀಕ್ ಇರಲಿಲ್ಲ, ಆದ್ರೂ ಅವರಿಗೆ ಗೊತ್ತಿತ್ತು.

ನನ್ನ ಸಲಹೆ, ಎರಡನ್ನೂ ಬೇರೆ ಮಾಡಿ. ಪ್ಲಾನ್ ಓದು ಕ್ಯಾಬಲ್ಲಿ, ಆಡಿಯೋ ಇದ್ರೆ ಆಡಿಯೋ. ಬರೆಯೋಕೆ ಮಾತ್ರ ಅದರಲ್ಲೇ ಒಂದು ಐದಾರು ವಚನ. ನಮ್ಮ ಗುಂಪಲ್ಲಿ ಸೋಪ್ ಅಂತ ಮಾಡ್ತೀವಿ, ಹೆಸರು ಕೇಳಿ ನಗಬೇಡಿ, ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಅದು: ಮೊದಲು ವಚನ ಕೈಯಲ್ಲಿ ಬರೆಯೋದು, ಆಮೇಲೆ ಗಮನಿಸಿದ್ದು, ಆಮೇಲೆ ನನ್ನ ಜೀವನಕ್ಕೆ ಅನ್ವಯ, ಕೊನೆಗೆ ಪ್ರಾರ್ಥನೆ. ಖಾಲಿ ಪುಟ ನೋಡಿ ಹೆದರಿಕೆ ಆಗೋರಿಗೆ ನಾಲ್ಕು ಕಂಬ ಸಿಕ್ಕಂಗೆ ಆಗುತ್ತೆ.

---

ಕುಡ್ಲದ_ಬಾಯಮ್ಮ

ನಾನು ಕಥೋಲಿಕ್ ಮಾರಾಯ್ರೆ, ನಂಗೆ ಇಲ್ಲಿ ಮಾತಾಡ್ಲಿಕ್ಕೆ ಆಗ್ತದಾ ಇಲ್ವಾ ಗೊತ್ತಿಲ್ಲ, ಆದ್ರೂ ಹೇಳ್ತೇನೆ. ನಮ್ಮ ಅಮ್ಮನ ಕಾಲದಲ್ಲಿ ಮನೆಯಲ್ಲಿ ಸಂಜೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಉಂಟು, ಹಾಡು ಉಂಟು, ಆದ್ರೆ ಬೈಬಲ್ ತೆಗೆದು ಕೂತು ಓದುವ ಕ್ರಮ ಅಷ್ಟು ಇರ್ಲಿಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಸಭೆ, ಅಂದ್ರೆ ನಮ್ಮ ಬಿಷಪರ ಮಹಾಸಭೆ, ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥ ಪದೇಪದೇ ಓದ್ಬೇಕು, ಓದುವಾಗ ಪ್ರಾರ್ಥನೆಯೂ ಜೊತೆಗಿರ್ಬೇಕು ಅಂತ ಸ್ಪಷ್ಟವಾಗಿ ಹೇಳಿದ ಮೇಲೆ ನಿಧಾನಕ್ಕೆ ಬಂದದ್ದು. ನಾನು ಕಲಿತದ್ದು ರಿಟ್ರೀಟ್‌ನಲ್ಲಿ. ನಮ್ಮ ಊರಿಗೆ ಜೆಸ್ಯೂಟ್ ಫಾದರ್‌ಗಳು ಬಂದದ್ದೇ 1878ರಲ್ಲಿ, ಅವರ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಹೇಳಿಕೊಟ್ಟ ಕ್ರಮ ಅಂದ್ರೆ ಸುವಾರ್ತೆಯ ಕತೆಯ ಒಳಗೆ ಹೋಗಿ ನಿಲ್ಲುದು, ಯಾರು ಎಲ್ಲಿ ನಿಂತಿದ್ದಾರೆ, ಎಂತ ಕೇಳ್ತದೆ, ಎಂತ ವಾಸನೆ ಅಂತ. ಅದಕ್ಕಿಂತ ಹಳೇದು ಲೆಕ್ಸಿಯೊ ದಿವಿನಾ, ಅಂದ್ರೆ ಪವಿತ್ರ ಓದು, 12ನೇ ಶತಮಾನದಲ್ಲಿ ಗೀಗೊ ಅಂತ ಒಬ್ರು ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲು ಮಾಡಿ ಬರೆದಿದ್ದಾರೆ: ಓದುದು, ಮನನ ಮಾಡುದು, ಪ್ರಾರ್ಥಿಸುದು, ಮತ್ತೆ ಸುಮ್ಮನೆ ಇರುದು. ಕೊನೆಯದ್ದೇ ಕಷ್ಟ, ನಂಗೆ ಆಗ ಕುಕ್ಕರ್ ನೆನಪಾಗ್ತದೆ.

ಬರೀ ಕ್ರಮ ಹೇಳಿದ್ರೆ ಎಂತ ಪ್ರಯೋಜನ, ಒಂದು ಮಾಡಿಯೇ ತೋರಿಸ್ತೇನೆ. ಮಾರ್ಕ 4ನೇ ಅಧ್ಯಾಯ, 35ರಿಂದ 41. ಏಳು ವಚನ ಅಷ್ಟೆ. ಬಿರುಗಾಳಿ ಅಡಗಿಸಿದ ಕತೆ, ನಿಮ್ಗೆ ಸಂಡೇ ಸ್ಕೂಲಿನಿಂದ ಗೊತ್ತುಂಟು, ನಂಗೂ ಗೊತ್ತುಂಟು, ಅದೇ ತೊಂದರೆ. ಗೊತ್ತಿದ್ದ ಕತೆಯನ್ನು ಕಣ್ಣು ಓದುದೇ ಇಲ್ಲ. ಹಾಗೆ ನಾನು ಒಮ್ಮೆ ಜೋರಾಗಿ ಬಾಯಿಬಿಟ್ಟು ಓದ್ತೇನೆ, ಎರಡನೇ ಸಲ ಪೆನ್ಸಿಲ್ ಹಿಡ್ಕೊಂಡು. ಪುಸ್ತಕದಲ್ಲಿ ಬರೆದದ್ದು ಇದು:

ಸಂಜೆ ಆಗಿತ್ತು. ಆಚೆ ದಡಕ್ಕೆ ಹೋಗುವ ಅಂತ ಹೇಳಿದ್ದು ಯೇಸುವೇ, ಶಿಷ್ಯರಲ್ಲ. ಅವನು ಇದ್ದ ಹಾಗೆಯೇ ಕರ್ಕೊಂಡು ಹೋದ್ರು. ಬೇರೆ ದೋಣಿಗಳೂ ಜೊತೆಯಲ್ಲಿದ್ದವು. ಅವನು ಹಿಂದಿನ ಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ. ಮತ್ತೆ ಗಾಳಿ ನಿಂತ ಮೇಲೆ ಅವರಿಗೆ ಇನ್ನೂ ದೊಡ್ಡ ಹೆದರಿಕೆ ಆಯ್ತು.

ತಲೆದಿಂಬು ಮತ್ತೆ ಆ ಬೇರೆ ದೋಣಿಗಳು ಮಾರ್ಕನಲ್ಲಿ ಮಾತ್ರ ಉಂಟು, ಮತ್ತಾಯ ಲೂಕ ಇಬ್ರೂ ಇದೇ ಕತೆ ಹೇಳುವಾಗ ಅದನ್ನು ಬಿಟ್ಟಿದ್ದಾರೆ. ಎಷ್ಟು ವರ್ಷದಿಂದ ಪ್ರಸಂಗ ಕೇಳಿದ್ದೇನೆ, ಆ ಬೇರೆ ದೋಣಿಗಳನ್ನು ನಾನು ನೋಡಿಯೇ ಇರ್ಲಿಲ್ಲ. ಅವ್ರಿಗೂ ಅದೇ ಗಾಳಿ ಅಲ್ವಾ? ಅವರ ದೋಣಿಯಲ್ಲಿ ಯೇಸು ಇಲ್ಲ, ಎಬ್ಬಿಸ್ಲಿಕ್ಕೆ ಯಾರೂ ಇಲ್ಲ. ಗಾಳಿ ನಿಂತಾಗ ಅವ್ರಿಗೆ ಯಾಕೆ ನಿಂತಿತು ಅಂತ ಸಹ ಗೊತ್ತಾಗಿರ್ಲಿಕ್ಕಿಲ್ಲ. ನಾನು ಕೆಳಗೆ ಬರೆದೆ, "ಆ ದೋಣಿಯವರು ಎಂತ ಆದ್ರು?" ಅಂತ. ಅಷ್ಟೇ ಆ ದಿನದ ಜರ್ನಲ್. ಆಗ ನಮ್ಮ ಮನೆಯಲ್ಲಿ ಇವರಿಗೆ ಕೆಲಸ ಇರ್ಲಿಲ್ಲ, ನಂಗೆ ನನ್ನದೇ ಗಾಳಿ. ಆ ಪ್ರಶ್ನೆ ಎರಡು ಮೂರು ದಿನ ತಲೆಯಲ್ಲೇ ತಿರುಗಿ ತಿರುಗಿ ಕೊನೆಗೆ ನಂಗೆ ನನ್ನ ನಾದಿನಿ ನೆನಪಾದ್ಲು, ಅವಳ ಸಂಸಾರ ನಮ್ಮ ದುಡ್ಡಿನ ಮೇಲೆ ನಡೀತಿತ್ತು, ನಮ್ಮ ಕಷ್ಟ ಬಂದಾಗ ಅವಳಿಗೆ ಎಂತ ಆಯ್ತು ಅಂತ ನಾವು ಕೇಳಿರ್ಲೇ ಇಲ್ಲ. ಫೋನ್ ಮಾಡಿದೆ.

ನೀವು "ನಂಬಿಕೆ ಹೆಚ್ಚಿಸು" ಅಂತ ಬರೆದ್ರೆ ಈ ಫೋನ್ ಆಗ್ತಿರ್ಲಿಲ್ಲ, ಅದೇ ನಾನು ಹೇಳುದು. ಮೊದಲು ಅಲ್ಲಿ ಎಂತ ಉಂಟು ಅದನ್ನು ಬರೀರಿ. ದಿಂಬು ಉಂಟಾ, ದಿಂಬು ಅಂತ ಬರೀರಿ.

---

ವಿಶ್ವಾಸಿ_77

ಇಷ್ಟೆಲ್ಲ ಯಾಕೆ ಬೇಕು? ಪವಿತ್ರಾತ್ಮನೇ ಕಲಿಸ್ತಾನೆ. ಪೆನ್ನು ಪೇಪರ್ ಮೆಥಡ್ ಮೆಟ್ಟಿಲು ಇದೆಲ್ಲ ಮನುಷ್ಯರು ಮಾಡಿದ್ದು. ಮೊಣಕಾಲೂರಿ ಓದಿ, ದೇವರು ಮಾತಾಡ್ತಾರೆ. ಆಮೆನ್.

---

ಹುಬ್ಬಳ್ಳಿ_ಪೆನ್ಶನರ್

77 ಅವರ, ಸಿಟ್ಟಿಗೇಳಬ್ಯಾಡ್ರಿ, ಒಂದ್ ಮಾತ್ ಕೇಳತೇನಿ. ಕೀರ್ತನೆ 119 ತಗೀರಿ. 176 ವಚನ. ಅದನ್ನ ಬರದಾವ ಇಬ್ರಿಯ ಅಕ್ಷರಮಾಲೀ 22 ಅಕ್ಷರಾ ಹಿಡದು, ಒಂದೊಂದ ಅಕ್ಷರಕ್ಕ ಎಂಟೆಂಟ ಸಾಲು, ಎಂಟೂ ಸಾಲು ಅದ ಅಕ್ಷರದಿಂದ ಸುರು ಆಗಬೇಕು, ಹಂಗ ಕುಂತು ಜೋಡಿಸ್ಯಾನ. ಪ್ರಲಾಪಗಳು ನೋಡ್ರಿ, ಯೆರೂಸಲೇಮ ಸುಟ್ಟು ಹಾಳಾಗೇತಿ, ಮಂದಿ ಹಸಿವಿಲೆ ಸಾಯಾಕತ್ತಾರ, ಆ ದುಃಖಾನೂ ಅಕ್ಷರದ ಕ್ರಮದಾಗ ಬರದಾರ. ಪ್ರವಾದಿ ಹಬಕ್ಕೂಕ ದೇವರ ಮ್ಯಾಲೆ ದೂರು ಹೇಳಿ, ನೋಡೂಣು ಏನ್ ಉತ್ತರಾ ಕೊಡ್ತಾನ ಅಂತ ಕಾವಲ ಗೋಪುರದ ಮ್ಯಾಲೆ ನಿಂತಾಗ ದೇವರ ಮೊದಲ ಮಾತೇ "ಬರಿ" ಅಂತ. ಆತ್ಮನ ಕೆಲಸಕ್ಕ ಪೆನ್ನು ಅಡ್ಡ ಬರೂದಿಲ್ರಿ.

ಇನ್ನ ಕೋಲಾರದ ಮಗಳಿಗೆ. ನೋಡವ್ವಾ, ನಮ್ಮದು ಬಾಸೆಲ್ ಮಿಶನ್ ಮನೆತನ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನರಿ ಸಂಸ್ಥಾ ಅದು. ಬಾಸೆಲ್ದವರು 1834ಕ್ಕ ಮಂಗಳೂರಿಗೆ ಬಂದ್ರು, 1837ಕ್ಕ ಧಾರವಾಡ, 1839ಕ್ಕ ನಮ್ಮ ಹುಬ್ಬಳ್ಳಿ. ಅವರಿಗೆ ಒಂದ್ ನಿಯಮ ಇತ್ತು, ಮಿಶನರಿ ಆದಾವ ಊರಾಗ ಏನ್ ನಡೀತು ಅಂತ ಬಾಸೆಲ್ ಕಮಿಟಿಗೆ ವರದಿ ಬರದು ಕಳಸಬೇಕು. ಆ ಕಾಗದಾ ಇವತ್ತಿಗೂ ಬಾಸೆಲ್ ದಫ್ತರದಾಗ ಅದಾವ. ಅದರ ಜೊತಿಗೆ ಕೆಲವರು ತಮ್ಮ ಸ್ವಂತ ದಿನಚರೀನೂ ಇಟ್ಟಿದ್ರು, ತಲಶ್ಶೇರಿಯೊಳಗಿದ್ದ ಗುಂಡರ್ಟ್ ಸಾಹೇಬರದು ಹಂಗ. ಕಮಿಟಿಗೆ ಬರಿಯೂ ವರದೀನ ಬ್ಯಾರೆ, ತನಗ ಬರಕೊಳ್ಳೂ ದಿನಚರೀನ ಬ್ಯಾರೆ. ವರದಿಯೊಳಗ ಕೆಲಸಾ ಮುಂದ ಹೊಂಟೇತಿ ಅಂತ ತೋರಿಸಬೇಕಾಕ್ಕೇತಿ. ನೀ "ಪಾಸ್ಟರ್ ಮಾರ್ಕ್ಸ್ ಕೊಡ್ತಾರೆ ಅನ್ನೋ ಥರ" ಅಂದಿ ನೋಡು, ನೀ ಬರಿಯಾಕತ್ತಿದ್ದು ವರದಿ. ದೇವರಿಗೆ ವರದಿ ಯಾಕ ಬೇಕವ್ವಾ?

ಮೈಸೂರಿನ ತಮ್ಮಾ ಹೇಳಿದ ನಾಕು ಕಂಬದ ಪದ್ಧತಿ ಚಲೋ ಐತಿ, ಅದರಾಗ ಮೂರನೇ ಕಂಬದ್ದ ತಕರಾರು. ಅನ್ವಯ. ಮಂದಿ ಎರಡು ವಚನಾ ಓದೂದ ತಡಾ "ಇದರಿಂದ ನನಗೇನು" ಅಂತ ಜಿಗೀತಾರ. ಬಾವಿಯೊಳಗ ಕೊಡಾ ಬಿಟ್ಟು ಅದು ತುಂಬೂದ್ರಾಗ ಹಗ್ಗಾ ಎಳದಂಗ. ಅದಕ್ಕ ನಿನಗ ದಿನಾ ಅವೇ ಮೂರು ಸಾಲು ಬರ್ತಾವ. ಎಷ್ಟೋ ದಿನಾ ಅನ್ವಯ ಇರೂದ ಇಲ್ಲ, ಖಾಲಿ ಬಿಡು. "ಇವತ್ತು ಇದು ನನಗ ತಿಳೀಲಿಲ್ಲ" ಅಂತ ಬರದು ತಾರೀಖು ಹಾಕು. "ಇದು ನನಗ ಸರಿ ಅನಸಲಿಲ್ಲ" ಅಂತನೂ ಬರಿ, ಹೆದರಬ್ಯಾಡ. ಕೀರ್ತನೆ 13ರಾಗ ಮೊದಲ ಎರಡು ವಚನದಾಗ "ಎಷ್ಟರ ವರೆಗೆ" ಅಂತ ನಾಕು ಸಲ ಕೇಳ್ಯಾನ ದಾವೀದ. 88ನೇದ್ದಂತೂ ಕತ್ತಲಿಯೊಳಗ ಮುಗದು ಹೋಕ್ಕೇತಿ, ಕಡೀಕ ಒಂದ್ ಹಲ್ಲೆಲೂಯಾ ಸೈತ ಇಲ್ಲ. ಅಂಥಾದ್ದನ್ನ ಸತ್ಯವೇದದಾಗ ಇಟ್ಟಾರ ಅಂದಮ್ಯಾಲೆ ನಿನ್ನ ನೋಟಬುಕ್ಕಿನಾಗ ಇಡಾಕ ಏನು ಅಡ್ಡಿ.

ಎಷ್ಟು ಓದಬೇಕು ಅಂತ ಕೇಳಿದ್ಯಲ್ಲ. ಜರ್ಮನಿಯ ಹೆರ್ನ್‌ಹೂಟ್ ಅನ್ನೂ ಊರಾಗ ಮೊರೇವಿಯನ್ ಸಭೆಯವರು 1731ರಿಂದ ಪ್ರತಿ ವರ್ಷ ಒಂದ್ ಪುಸ್ತಕಾ ಅಚ್ಚು ಹಾಕಸ್ತಾರ, ದಿನಕ್ಕ ಒಂದ ವಚನ, ಹಳೇ ಒಡಂಬಡಿಕೆಯಿಂದ ಚೀಟಿ ಎತ್ತಿ ಆರಿಸಿದ್ದು, ಅದಕ್ಕ ಹೊಂದೂವಂಥ ಹೊಸ ಒಡಂಬಡಿಕೆ ವಚನ ಒಂದು. ಅಷ್ಟ. ಯುದ್ಧದಾಗೂ ಮಂದಿ ಅದನ್ನ ಕಿಸೇದಾಗ ಇಟಗೊಂಡು ಅಡ್ಡಾಡ್ಯಾರ. ನಮ್ಮ ಕಡೆ ಡಿಸೆಂಬರ್ 31ರ ರಾತ್ರಿ ಆರಾಧನೆಯೊಳಗ ವಾಗ್ದಾನದ ವಚನ ಬರದ ಚೀಟಿ ಎತ್ತತೇವಲ್ಲ, ನೋಡಾಕ ಹಂಗ ಕಾಣತೈತಿ, ಆದ್ರ ನಾವು ವರ್ಷಕ್ಕ ಒಂದ್ ಎತ್ತಿ ಫ್ರಿಜ್ಜಿಗೆ ಅಂಟಿಸಿ ಮರೀತೇವಿ, ಅವರು ದಿನಾ ಒಂದರ ಕೂಡ ಕುಂದರತಾರ. ಒಂದ್ ವಚನ ಕಡಿಮಿ ಅಲ್ಲವ್ವಾ.

ನಮ್ಮ ಅಜ್ಜಾರ ಸತ್ಯವೇದ ನನ್ನ ಹಂತೇಕ ಐತಿ. ಅವರು ಜರ್ನಲ್ಲು ಗಿರ್ನಲ್ಲು ಬರದಾವರಲ್ಲ, ಅಂಚಿನಾಗ ತಾರೀಖು, ಒಂದ್ ಶಬ್ದ. "ಮಳಿ ಇಲ್ಲ." "ಸಾಲಾ ತೀರಿತು." ಒಂದ್ ಕಡೆ, ಯೋಬ ತಾ ಹುಟ್ಟಿದ ದಿನಾನ ಶಪಿಸೂ ಯೋಬ 3ರ ಬಾಜೂಕ, ನಮ್ಮ ದೊಡ್ಡಪ್ಪಾರು ತೀರಿಕೊಂಡ ತಾರೀಖು ಅಷ್ಟ, ಶಬ್ದ ಇಲ್ಲ.

---

ಕೋಲಾರದ_ಹುಡ್ಗಿ

ಅಯ್ಯೋ, ಇಷ್ಟೊಂದು ಬರೆದಿದೀರಾ ಎಲ್ಲರೂ, ತುಂಬಾ ಥ್ಯಾಂಕ್ಸ್. ಬಾಯಮ್ಮ, ನಿಮ್ಮ ಬೇರೆ ದೋಣಿಗಳನ್ನ ನಾನೂ ಇವತ್ತೇ ನೋಡಿದ್ದು, ಆಪ್ ತೆಗೆದು ಚೆಕ್ ಮಾಡ್ದೆ, ನಿಜ್ವಾಗ್ಲೂ ಇದೆ! ಅಂಕಲ್, "ದೇವರಿಗೆ ವರದಿ ಯಾಕ ಬೇಕವ್ವಾ" ಅನ್ನೋದನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದೀನಿ.

ಆದ್ರೆ ನಿಜ ಬರೀಬೇಕು ಅಂದ್ರೆ ಒಂದು ಪ್ರಾಬ್ಲಂ ಇದೆ. ಪಿಜಿಲಿ ಮೂರು ಜನ ಒಂದು ರೂಮು, ಕಬೋರ್ಡಿಗೆ ಲಾಕ್ ಇಲ್ಲ. ಊರಿಗೆ ಹೋದ್ರೆ ಅಮ್ಮ ಬ್ಯಾಗ್ ತೆಗೆದು ಬಟ್ಟೆ ಒಗೆಯೋಕೆ ಹಾಕ್ತಾರೆ, ಪುಸ್ತಕ ಸಿಕ್ರೆ ಓದೇ ಓದ್ತಾರೆ. ಮುಂದಿನ ವರ್ಷ ಮದುವೆ ಬೇರೆ. ಯಾರೋ ಓದ್ತಾರೆ ಅನ್ನೋ ಭಯ ಇದ್ರೆ ಕೈ ತಾನಾಗೇ ಒಳ್ಳೇ ಹುಡುಗಿ ಥರ ಬರೆಯೋಕೆ ಶುರು ಮಾಡುತ್ತೆ. ಫೋನಲ್ಲಿ ಪಾಸ್‌ವರ್ಡ್ ಹಾಕಿ ಬರೆದ್ರೆ ಆಗಲ್ವಾ?

ಇನ್ನೊಂದು, ಪ್ಲಾನ್ ಪ್ರಕಾರ ನಾನೀಗ ಯಾಜಕಕಾಂಡದಲ್ಲಿ ಇದೀನಿ, 13, 14ನೇ ಅಧ್ಯಾಯ, ಚರ್ಮರೋಗ, ಗೋಡೆ ಮೇಲಿನ ಬೂಷ್ಟು, ಯಾಜಕ ಬಂದು ನೋಡಿ ಏಳು ದಿನ ಮನೆ ಮುಚ್ಚಬೇಕು ಅಂತೆಲ್ಲ. ಇದನ್ನ ಇಟ್ಕೊಂಡು ಏನ್ ಬರೀಲಿ? ಬಿಟ್ಟು ಮುಂದೆ ಹೋಗ್ಲಾ?

---

ನೈಟ್‌ಡ್ಯೂಟಿ

ನಾನು ನರ್ಸು, ಶಿವಮೊಗ್ಗ ಕಡೆಯವಳು, ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. "ಬೆಳಿಗ್ಗೆ ಐದಕ್ಕೆ ಎದ್ದು ದೇವರ ಜೊತೆ" ಅನ್ನೋ ಪ್ರಸಂಗ ಕೇಳಿದ್ರೆ ನನಗೆ ನಗು ಬರುತ್ತೆ, ಬೆಳಿಗ್ಗೆ ಐದಕ್ಕೆ ನಾನು ಬ್ಲಡ್ ಸ್ಯಾಂಪಲ್ ತೆಗೀತಾ ಇರ್ತೀನಿ. ಹೊತ್ತಿನ ವಿಷಯದಲ್ಲಿ ನಾನು ಕಂಡುಕೊಂಡಿದ್ದು ಇಷ್ಟೇ, ಗಡಿಯಾರಕ್ಕೆ ಕಟ್ಟಬೇಡಿ, ದಿನಾ ಹೇಗಿದ್ರೂ ಮಾಡೋ ಯಾವುದೋ ಒಂದು ಕೆಲಸಕ್ಕೆ ಕಟ್ಟಿ. ನನಗೆ ಡ್ಯೂಟಿ ಮುಗಿದು ಯೂನಿಫಾರ್ಮ್ ಬದಲಿಸಿದ ಮೇಲೆ ಕುಡಿಯೋ ಕಾಫಿ. ಅದು ಬೆಳಿಗ್ಗೆ ಎಂಟಾಗ್ಲಿ ರಾತ್ರಿ ಒಂಬತ್ತಾಗ್ಲಿ, ಲೋಟ ಟೇಬಲ್ ಮೇಲೆ ಇಟ್ಟ ಮೇಲೆ ಪುಸ್ತಕ. ಕೋಲಾರದವರೇ ನಿಮಗೆ ಕ್ಯಾಬ್ ಇದ್ಯಲ್ಲ, ಹೋಗೋವಾಗ ಕೇಳಿ, ಬರೋವಾಗ ಬರೀರಿ. ಅಕ್ಷರ ಸೊಟ್ಟ ಆಗುತ್ತೆ, ಆಗ್ಲಿ, ಇನ್ನೊಬ್ಬರಿಗೆ ಓದೋಕೂ ಬರಲ್ಲ 😄

ಗುಟ್ಟಿನ ವಿಷಯ. ಫೋನ್ ನಾನು ಬೇಡ ಅಂತೀನಿ, ಪಾಸ್‌ವರ್ಡ್ ಇದ್ರೂ. ಫೋನ್ ಕೈಗೆ ತಗೊಂಡ್ರೆ ಮೇಲಿಂದ ಒಂದು ನೋಟಿಫಿಕೇಶನ್ ಇಳಿಯುತ್ತೆ, ಮುಗೀತು ಕತೆ. ನಾನು ಮಾಡೋದು ಎರಡು ಥರ. ಓದಿದ ಭಾಗದಲ್ಲಿ ಕಂಡಿದ್ದು, ಪ್ರಶ್ನೆ, ಇವು ನೋಟ್‌ಬುಕ್ಕಲ್ಲಿ, ಅದನ್ನ ಯಾರು ಓದಿದ್ರೂ ತೊಂದರೆ ಇಲ್ಲ. ಅತ್ತೆ, ವಾರ್ಡ್, ಸಂಬಳ, ಜಗಳ ಇವೆಲ್ಲ ಬಿಡಿ ಹಾಳೇಲಿ, ಬರೆದು ಪ್ರಾರ್ಥನೆ ಮಾಡಿ ಹರಿದು ಹಾಕ್ತೀನಿ. ಬರೆದಿದ್ದೆಲ್ಲ ಉಳೀಬೇಕು ಅಂತ ಯಾರು ಹೇಳಿದ್ದು? ಹೆಸರು ಬರೀಲೇಬೇಕಾದ್ರೆ ಒಂದಕ್ಷರ ಸಾಕು. ಮದುವೆ ಆದ ಮೇಲೆ ಗಂಡನಿಗೆ ಮೊದಲೇ ಹೇಳಿಬಿಡಿ, ಈ ಪುಸ್ತಕ ನನ್ನದು, ಕೇಳದೇ ಓದಬಾರದು ಅಂತ. ನಾನು ಹೇಳಿದೀನಿ, ಪಾಪ ಓದಲ್ಲ. ಅತ್ತೆ ಬಗ್ಗೆ ಗ್ಯಾರಂಟಿ ಕೊಡಲ್ಲ.

ಭಾಷೆ ಕೇಳಿದ್ರಿ. ನಮ್ಮನೇಲಿ ಇರೋದು ಹಳೇ ಸತ್ಯವೇದ, ಕೀರ್ತನೆಗೆ ಅದೇ ಚೆಂದ, "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅನ್ನೋದನ್ನ ಬೇರೆ ಥರ ಓದೋಕೆ ನನ್ನ ಬಾಯಿ ಒಪ್ಪಲ್ಲ. ಪೌಲನ ಪತ್ರಗಳಿಗೆ ಮಾತ್ರ ಈಸಿ ಟು ರೀಡ್ ಕನ್ನಡ ಇಟ್ಕೋತೀನಿ, ರೋಮಾಪುರದವರಿಗೆ ಬರೆದಿದ್ದು ಹಳೇದ್ರಲ್ಲಿ ಒಂದು ವಾಕ್ಯ ಮುಗಿಯೋಷ್ಟರಲ್ಲಿ ಕಾಫಿ ಆರಿರುತ್ತೆ. ಬರೆಯೋದು ನೀವು ಅಮ್ಮನ ಜೊತೆ ಯಾವ ಭಾಷೇಲಿ ಜಗಳ ಆಡ್ತೀರೋ ಅದರಲ್ಲಿ ಬರೀರಿ, ಇಂಗ್ಲಿಷಲ್ಲಿ ಬರೆದ್ರೆ ನಾನಂತೂ ಗ್ರೀಟಿಂಗ್ ಕಾರ್ಡ್ ಥರ ಬರೀತೀನಿ.

ತೀರಾ ಸುಸ್ತಾದ ದಿನ ಏನೂ ಯೋಚನೆ ಮಾಡೋಕೆ ಆಗಲ್ಲ ಅನ್ನೋವಾಗ ವಚನ ಸುಮ್ನೆ ನೋಡಿ ಬರೀತೀನಿ, ಅಷ್ಟೇ. ಧರ್ಮೋಪದೇಶಕಾಂಡ 17ರಲ್ಲಿ ಇಸ್ರಾಯೇಲಿನ ಅರಸನಾಗೋನು ಧರ್ಮಶಾಸ್ತ್ರದ ಪ್ರತಿ ಒಂದನ್ನ ತನಗೋಸ್ಕರ ಬರೆದಿಟ್ಟುಕೊಂಡು ಬದುಕಿರೋ ತನಕ ಓದಬೇಕು ಅಂತಿದೆ. ಕಾರಣಾನೂ ಅಲ್ಲೇ ಇದೆ, ತನ್ನ ಜನರಿಗಿಂತ ತಾನು ದೊಡ್ಡವನು ಅಂತ ಅವನ ಮನಸ್ಸು ಉಬ್ಬಬಾರದು. ನೈಟಲ್ಲಿ ಆರು ಪೇಶೆಂಟ್ ಬೈದಿರ್ತಾರೆ, ಉಬ್ಬೋ ಚಾನ್ಸೇ ಇಲ್ಲ, ಆದ್ರೂ ಬರೀತೀನಿ. ಕೈ ಬರೀತಾ ಇದ್ರೆ ಕಣ್ಣು ಹಾರಿ ಹೋಗಲ್ಲ, ಪ್ರತಿ ಪದದ ಮೇಲೂ ನಿಲ್ಲಲೇಬೇಕಾಗುತ್ತೆ.

---

ವಿಶ್ವಾಸಿ_77

ಹುಬ್ಬಳ್ಳಿ ಸರ್, ಹಬಕ್ಕೂಕ 2 ತೆಗೆದು ನೋಡಿದೆ. ಸರಿ, ಬರೀಲಿ. ಆದ್ರೆ ಬರೆಯೋ ಗಲಾಟೇಲಿ ಪ್ರಾರ್ಥನೆ ಬಿಟ್ಟುಹೋಗಬಾರದು, ಅಷ್ಟೇ ನಂದು.

---

ಹುಬ್ಬಳ್ಳಿ_ಪೆನ್ಶನರ್

ಅದು ಖರೇನ ಐತ್ರಿ. ಇಬ್ಬರದೂ ಮಾತು ಒಂದ ಆತು.

---

ಮೈಸೂರ್_ಇಯು

ಅನ್ವಯದ ಬಗ್ಗೆ ಅಂಕಲ್ ಹೇಳಿದ್ದು ಒಪ್ಪಿದೆ, ನಮ್ಮ ಗುಂಪಲ್ಲೂ ಹೇಳ್ತೀನಿ, ಆ ಕಾಲಂ ಖಾಲಿ ಬಿಟ್ರೂ ಯಾರೂ ಮುಖ ನೋಡಬೇಡಿ ಅಂತ.

ಯಾಜಕಕಾಂಡ ಬಿಡಬೇಡಿ ಸಿಸ್ಟರ್! ಅಲ್ಲೇ ಎಲ್ಲರ ಪ್ಲಾನ್ ಸಾಯೋದು, ಗೊತ್ತು, ಆದ್ರೆ 14ರಲ್ಲೇ ಇದೀರಲ್ಲ, 21ನೇ ವಚನದ ಹತ್ರ ನಿಲ್ಲಿ. ಚರ್ಮರೋಗ ಗುಣವಾದೋನು ಬಡವನಾಗಿದ್ದು ಬಲಿಗೆ ಅಷ್ಟು ಕುರಿ ತರೋಕೆ ಆಗದೇ ಇದ್ರೆ ಒಂದು ಕುರಿ, ಎರಡು ಪಕ್ಷಿ ಸಾಕು ಅಂತ ರಿಯಾಯಿತಿ ಇದೆ. ಹಿಂದೆ 5ನೇ ಅಧ್ಯಾಯಕ್ಕೆ ಹೋದ್ರೆ ಪಕ್ಷಿಗೂ ಗತಿ ಇಲ್ಲದೋನು ಸ್ವಲ್ಪ ಹಿಟ್ಟು ತಂದ್ರೂ ಆಗುತ್ತೆ. 12:8ರಲ್ಲಿ ಹೆರಿಗೆ ಆದ ತಾಯಿಗೂ ಅದೇ, ಕುರಿ ಕೊಡೋಕೆ ಆಗದೇ ಇದ್ರೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ. ಈಗ ಅದನ್ನ ಎಡಗಡೆ ಪುಟದಲ್ಲಿ ಬರೆದು, ಬಲಗಡೆ ಲೂಕ 2:24 ಬರೀರಿ, ಮರಿಯಳು ಯೋಸೇಫ ಮಗು ಯೇಸುವನ್ನ ಎತ್ಕೊಂಡು ದೇವಾಲಯಕ್ಕೆ ಹೋದಾಗ ಏನ್ ಕೊಟ್ರು ಅಂತ. ಲೂಕ ಅವರು ಬಡವರು ಅಂತ ಎಲ್ಲೂ ಹೇಳಲ್ಲ, ಆ ಪಕ್ಷಿಗಳನ್ನ ಹೇಳಿ ಸುಮ್ಮನಾಗ್ತಾನೆ, ಯಾಜಕಕಾಂಡ ಓದಿದೋರಿಗೆ ಮಾತ್ರ ಗೊತ್ತಾಗುತ್ತೆ. ನಾನು ಪ್ಲಾನ್ ಪರ ಇರೋದು ಇದಕ್ಕೇ.

ಆಮೇಲೆ 19ನೇ ಅಧ್ಯಾಯಕ್ಕೆ ಒಂದು ವಾರ ಕೊಡಿ. ಹೊಲ ಕೊಯ್ಯೋವಾಗ ಅಂಚು ಬಿಡಬೇಕು, ಬಿದ್ದ ತೆನೆ ಆಯ್ಕೋಬಾರದು, ಅದು ಬಡವರಿಗೆ ಪರದೇಶದವರಿಗೆ. ಕೂಲಿಯವನ ಕೂಲಿ ಬೆಳಗಿನ ತನಕ ಇಟ್ಕೋಬಾರದು. ಕಿವುಡನನ್ನ ಬೈಬಾರದು, ಕುರುಡನ ಮುಂದೆ ಎಡವೋ ಥರ ಏನೂ ಇಡಬಾರದು. ನೆರೆಯವನನ್ನ ನಿನ್ನಂತೆಯೇ ಪ್ರೀತಿಸು ಅನ್ನೋದು ಇದೇ ಅಧ್ಯಾಯದ 18ನೇ ವಚನ, ಜನ ಅದು ಹೊಸ ಒಡಂಬಡಿಕೇಲಿ ಶುರುವಾಗಿದ್ದು ಅಂದ್ಕೊಂಡಿರ್ತಾರೆ. 25ರಲ್ಲಿ ಐವತ್ತನೇ ವರ್ಷ ಜಮೀನು ಮೂಲದವರಿಗೆ ವಾಪಸ್. ಇದಕ್ಕೆಲ್ಲ ನೀವು ಅನ್ವಯ ಹುಡುಕಬೇಕಾಗಿಲ್ಲ, ಪಿಜಿ ಅಡುಗೆ ಅಕ್ಕಂಗೆ ಸಂಬಳ ಯಾವತ್ತು ಸಿಗುತ್ತೆ ಅಂತ ನಿಮಗೇ ಯೋಚನೆ ಬರುತ್ತೆ.

ಅದಾದ ಮೇಲೆ ಅರಣ್ಯಕಾಂಡ ಬರುತ್ತೆ, ಮೊದಲ ಅಧ್ಯಾಯ ಪೂರ್ತಿ ಜನಗಣತಿ. ಅದನ್ನ ಕ್ಯಾಬಲ್ಲಿ ಆಡಿಯೋ ಹಾಕಿ ಕೇಳಿ, ಟಿಕ್ ಮಾಡಿ, ನಿದ್ದೆ ಬಂದ್ರೆ ಮಲಗಿ.